ಬಾವುಟ ಬದಲಾಯಿತು, ಆಜ್ಞೆ ಯಾರದು?



ವಿಶಾಖಪಟ್ಟಣದ ದ್ವಾರಕಾ ನಗರದಂಥ ಜಾಗದಲ್ಲಿ ಕೆಲಸದ ಬಗ್ಗೆ ಮಾತಾಡಲು ಪೀಠಿಕೆ ಬೇಕಿಲ್ಲ. ಹೊರಗೆ ಆರ್‌ಟಿಸಿ ಕಾಂಪ್ಲೆಕ್ಸಿನ ಬಸ್ಸುಗಳು, ಅತ್ತಿತ್ತ ಬ್ಯಾಂಕುಗಳು, ಅವುಗಳ ನಡುವೆ ಅದೇ ಬ್ಯಾಂಕುಗಳ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಕೋಚಿಂಗ್ ಸೆಂಟರುಗಳು. ಈ ಸಭೆಯಲ್ಲಿ ಕೂತ ಕನ್ನಡಿಗರಲ್ಲೂ ಬಹುಪಾಲು ಜನ ನೌಕಾಪಡೆಗೋ ಉಕ್ಕಿನ ಕಾರ್ಖಾನೆಗೋ ಬ್ಯಾಂಕಿಗೋ ಬಂದು ಇಲ್ಲೇ ನೆಲೆ ನಿಂತವರು. ಬೆಂಗಳೂರಿಗೂ ಈ ಊರಿಗೂ ಕೆಲಸದ ನಂಟು ಹಳೆಯದು. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದ ವಾಲ್‌ಚಂದ್ ಹೀರಾಚಂದರೇ ಮರುವರ್ಷ ಇಲ್ಲಿ ಸಿಂಧಿಯಾ ಹಡಗುಕಟ್ಟೆಯನ್ನು ಶುರು ಮಾಡಿದ್ದು. ಒಬ್ಬನೇ ಮನುಷ್ಯನ ಹಟದಿಂದ ಎರಡೂರಿನ ಜನಕ್ಕೆ ಹೊಸ ಕಸುಬು ಬಂತು.

ಇವತ್ತಿನ ವಿಷಯ, ಕೆಲಸದ ಜಾಗದಲ್ಲೂ ಸೇನೆಯಲ್ಲೂ ಹಳೆಯದನ್ನು ಬಿಡಲೊಲ್ಲದ ಮನಸ್ಸು. ನಾನು ಸಮವಸ್ತ್ರ ತೊಟ್ಟವನಲ್ಲ, ಕಚೇರಿಯಲ್ಲಿ ಕಡತಗಳ ನಡುವೆ ಆಯುಷ್ಯ ಕಳೆದವನು. ಸೇನೆಯ ಸಂಗತಿಯನ್ನು ಒಬ್ಬ ಗುಮಾಸ್ತನ ಕಣ್ಣಿನಿಂದ ನೋಡುತ್ತಿದ್ದೇನೆ. ಅದರಿಂದ ಒಂದು ಲಾಭವಿದೆ. ಗುಮಾಸ್ತನಿಗೆ ಆದೇಶದ ಭಾಷೆಗಿಂತ ಆದೇಶ ಎಷ್ಟು ದಿನ ಯಾರ ಮೇಜಿನ ಮೇಲೆ ಮಲಗಿತ್ತು ಎನ್ನುವುದರಲ್ಲಿ ಆಸಕ್ತಿ ಜಾಸ್ತಿ.

ನಮ್ಮ ನೌಕಾಪಡೆಯ ಬಾವುಟದಿಂದ ಆರಂಭಿಸುತ್ತೇನೆ. 1950ರ ಜನವರಿ 26ಕ್ಕೆ ಮುಂಚೆ ಇದ್ದದ್ದು ಬ್ರಿಟಿಷರ ಬಿಳಿಯ ಧ್ವಜ. ಗಣರಾಜ್ಯವಾದಾಗ ಅದರ ಮೂಲೆಯಲ್ಲಿದ್ದ ಯೂನಿಯನ್ ಜಾಕ್ ಹೋಗಿ ತ್ರಿವರ್ಣ ಬಂತು, ಸಂತ ಜಾರ್ಜನ ಕೆಂಪು ಶಿಲುಬೆ ಮಾತ್ರ ಉಳಿಯಿತು. ಅರ್ಧ ಶತಮಾನದ ನಂತರ, 2001ರಲ್ಲಿ, ಶಿಲುಬೆಯನ್ನು ತೆಗೆದು ನೀಲಿಬಣ್ಣದ ನೌಕಾ ಲಾಂಛನ ಹಾಕಿದರು. ನೀಲಿ ಆಕಾಶ, ನೀಲಿ ಸಮುದ್ರದ ನಡುವೆ ನೀಲಿ ಗುರುತು ಕಾಣುವುದಿಲ್ಲ ಎಂದು 2004ರಲ್ಲಿ ಶಿಲುಬೆ ವಾಪಸು ಬಂತು, ಈ ಸಲ ನಡುವೆ ಸಿಂಹಲಾಂಛನದೊಂದಿಗೆ. 2014ರಲ್ಲಿ ಆ ಲಾಂಛನದ ಕೆಳಗೆ ‘ಸತ್ಯಮೇವ ಜಯತೇ’ ಸೇರಿತು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್ ಸೇವೆಗೆ ಸೇರಿದ ದಿನ ಶಿಲುಬೆ ಮತ್ತೆ ಹೋಗಿ, ಶಿವಾಜಿಯ ಮುದ್ರೆಯಿಂದ ಪ್ರೇರಿತವಾದ ಅಷ್ಟಕೋನ ಬಂತು. ಅದೇ ವರ್ಷ ದೆಹಲಿಯ ಬೀಟಿಂಗ್ ರಿಟ್ರೀಟಿನಿಂದ ಗಾಂಧೀಜಿಗೆ ಪ್ರಿಯವಾದ ಇಂಗ್ಲಿಷ್ ಪ್ರಾರ್ಥನಾಗೀತೆಯನ್ನು ಕೈಬಿಟ್ಟರು. 2023ರ ಜುಲೈನಲ್ಲಿ ಅಧಿಕಾರಿಗಳು ಕಂಕುಳಲ್ಲಿ ಇರುಕಿಕೊಂಡು ಓಡಾಡುತ್ತಿದ್ದ ಬೆತ್ತ ನಿಂತಿತು. ಡಿಸೆಂಬರಿನಲ್ಲಿ ಸಿಂಧುದುರ್ಗದ ನೌಕಾದಿನಾಚರಣೆಯಲ್ಲಿ ಹುದ್ದೆಗಳಿಗೆ ಭಾರತೀಯ ಹೆಸರಿಡುವ ಘೋಷಣೆ ಆಯಿತು. 2024ರಲ್ಲಿ ಮೆಸ್ಸಿನೊಳಗೆ ಕುರ್ತಾ ಪೈಜಾಮಕ್ಕೆ ಪ್ರವೇಶ ಸಿಕ್ಕಿತು.

ಇವೆಲ್ಲದರ ಪರ ವಿರೋಧ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನನಗೆ ಕುತೂಹಲವಾದದ್ದು ಇವು ಜಾರಿಯಾದ ವೇಗ. ಸಂಪ್ರದಾಯಕ್ಕೆ ಅಂಟಿಕೊಂಡದ್ದು ಎಂದು ಹೆಸರಾದ ಒಂದು ಸಂಸ್ಥೆ ತನ್ನ ಬಾವುಟವನ್ನೇ ಇಷ್ಟು ಸಲ ಬದಲಾಯಿಸಿತು, ಒಂದು ದಿನವೂ ಕೆಲಸ ನಿಲ್ಲಲಿಲ್ಲ, ಯಾರೂ ಕೋರ್ಟಿಗೆ ಹೋಗಲಿಲ್ಲ. ಅದೇ ನೌಕಾಪಡೆಗೆ 1992ರಲ್ಲಿ ಮಹಿಳೆಯರು ಅಲ್ಪಾವಧಿ ಅಧಿಕಾರಿಗಳಾಗಿ ಸೇರಿದರು. ಗಂಡಸರ ಹಾಗೆ ನಿವೃತ್ತಿವರೆಗೂ ಸೇವೆಯಲ್ಲಿರುವ ಹಕ್ಕು, ಅಂದರೆ ಪರ್ಮನೆಂಟ್ ಕಮಿಷನ್, ಕೊಡಿ ಎಂದು ಕೇಳಿದವರಿಗೆ ಕೊನೆಯ ಉತ್ತರ ಸಿಕ್ಕಿದ್ದು 2020ರ ಮಾರ್ಚ್ 17ರಂದು, ಸುಪ್ರೀಂ ಕೋರ್ಟಿನಿಂದ. 28 ವರ್ಷ. ನಡುವೆ 2008ರಲ್ಲಿ ಕೆಲವು ವಿಭಾಗಗಳಿಗೆ, ಅದೂ ಮುಂದೆ ಸೇರುವವರಿಗೆ ಮಾತ್ರ ಎಂಬ ಒಂದು ಅರೆ ಹೆಜ್ಜೆ. 2015ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆಲುವು, ಅದರ ಮೇಲೆ ಸರ್ಕಾರದ ಮೇಲ್ಮನವಿ.

ನಾನು ಹೇಳಬೇಕೆಂದು ಬಂದದ್ದು ಇಷ್ಟು. ಸಂಸ್ಥೆಗಳು ಬಟ್ಟೆ, ಬಾವುಟ, ಬಿರುದುಗಳನ್ನು ಸಲೀಸಾಗಿ ಬಿಟ್ಟುಕೊಡುತ್ತವೆ. ಬಿಡದೆ ಹಿಡಿದುಕೊಳ್ಳುವುದು ಯಾರು ಯಾರಿಗೆ ಆಜ್ಞೆ ಮಾಡಬಹುದು, ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿರಬೇಕು ಎನ್ನುವುದನ್ನು. ಅದನ್ನು ಹಾಗೆ ಬಾಯಿಬಿಟ್ಟು ಹೇಳಲಾಗದು, ಆದ್ದರಿಂದ ಅದಕ್ಕೆ ಸಂಪ್ರದಾಯ ಅಂತಲೋ ದಕ್ಷತೆ ಅಂತಲೋ ಹೆಸರು ಕೊಡುತ್ತಾರೆ.

ಕೋರ್ಟಿನಲ್ಲಿ ನಡೆದ ವಾದಗಳನ್ನೇ ನೋಡಿ. ಭೂಸೇನೆಯ ಮೊಕದ್ದಮೆಯ ತೀರ್ಪು ಒಂದು ತಿಂಗಳು ಮೊದಲು, 2020ರ ಫೆಬ್ರವರಿ 17ರಂದು ಬಂತು. ಅಲ್ಲಿ ಸರ್ಕಾರ ಮುಂದಿಟ್ಟ ಕಾರಣಗಳಲ್ಲಿ ಒಂದು, ನಮ್ಮ ಜವಾನರು ಹೆಚ್ಚಾಗಿ ಹಳ್ಳಿಯಿಂದ ಬಂದವರು, ಹೆಣ್ಣಿನ ಆಜ್ಞೆ ಪಾಲಿಸಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ ಎಂಬುದು. ಹಳ್ಳಿಯ ಹುಡುಗನನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ. ಅಜ್ಜಿಯ ಮಾತಿಗೆ ಎದುರಾಡದೆ ಬೆಳೆದವನು, ಹೊಲದಲ್ಲಿ ಅವ್ವ ಹೇಳಿದ ಹಾಗೆ ಸಾಲು ಹೊಡೆದವನು ಅವನು. ಮೇಲಿನವರ ಹಿಂಜರಿಕೆಯನ್ನು ಕೆಳಗಿನವನ ಹೆಗಲ ಮೇಲೆ ಹೊರಿಸುವುದು ಎಲ್ಲ ಕಚೇರಿಗಳಲ್ಲೂ ಇರುವ ಚಾಳಿ. ಸಿಬ್ಬಂದಿ ಒಪ್ಪುವುದಿಲ್ಲ ಸರ್ ಎಂದು ಫೈಲಿನಲ್ಲಿ ಬರೆದ ಅಧಿಕಾರಿ ಸಿಬ್ಬಂದಿಯನ್ನು ಕೇಳಿರುವುದು ಅಪರೂಪ.

ನೌಕಾಪಡೆಯ ಮೊಕದ್ದಮೆಯಲ್ಲಿ ಬಂದ ಒಂದು ವಾದ ವಿಶಾಖಪಟ್ಟಣದವರಿಗೆ ಹೆಚ್ಚು ಹತ್ತಿರದ್ದು. ರಷ್ಯಾ ಮೂಲದ ಕೆಲವು ಹಡಗುಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಸ್ನಾನಗೃಹ ಮುಂತಾದ ಅನುಕೂಲವಿಲ್ಲ, ಆದ್ದರಿಂದ ಅವರನ್ನು ಸಮುದ್ರಕ್ಕೆ ಕಳಿಸಲಾಗದು ಎಂಬುದು. ಜಾಗ ಇಕ್ಕಟ್ಟು ಅನ್ನುವುದು ಸುಳ್ಳಲ್ಲ. ರಾಮಕೃಷ್ಣ ಬೀಚಿನಲ್ಲಿ ನಿಲ್ಲಿಸಿರುವ ಕುರ್ಸುರಾ ಸಬ್‌ಮರೀನಿನೊಳಗೆ ಬಗ್ಗಿ ನಡೆದವರಿಗೆಲ್ಲ ಅದು ಗೊತ್ತು. 1969ರಿಂದ 2001ರವರೆಗೆ ಅದರೊಳಗೆ ಜನ ಹೇಗೆ ಬದುಕಿದರು ಎಂದು ಬೆರಗಾಗಿಯೇ ಹೊರಗೆ ಬರುತ್ತೇವೆ. ಆದರೆ ಈ ವಾದ ಕೋರ್ಟಿನಲ್ಲಿ ತೀರ್ಮಾನವಾಗುವ ಮೊದಲೇ ಸಮುದ್ರದಲ್ಲಿ ತೀರ್ಮಾನವಾಗಿತ್ತು. 2017ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಸಣ್ಣ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟರು. ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಚುಕ್ಕಾಣಿ ವರ್ತಿಕಾ ಜೋಶಿಯವರದು. ಆರು ಜನರಲ್ಲಿ ಒಬ್ಬರು, ಪಿ. ಸ್ವಾತಿ, ನಿಮ್ಮ ಊರಿನವರೇ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟುವಾಗ ಅವರಿಗೆ ಪ್ರತ್ಯೇಕ ಬಚ್ಚಲುಮನೆ ಇತ್ತೇ ಎಂದು ಯಾರೂ ಕೇಳಲಿಲ್ಲ. ಇಷ್ಟೆಲ್ಲ ಆದಮೇಲೂ ಸುಮಾರು ಎರಡು ವರ್ಷ ಆ ವಾದ ಫೈಲಿನಲ್ಲಿ ಬದುಕಿತ್ತು.

ಹಾಗೆಂದು ನೌಕಾಪಡೆಗೆ ಬದಲಾಗುವುದೇ ತಿಳಿಯದು ಎಂದರೆ ದೊಡ್ಡ ಅನ್ಯಾಯವಾದೀತು. 1960ರ ದಶಕದ ಕೊನೆಗೆ ಬ್ರಿಟಿಷ್ ಹಡಗು, ಬ್ರಿಟಿಷ್ ಪುಸ್ತಕ, ಬ್ರಿಟಿಷ್ ತರಬೇತಿಯಲ್ಲೇ ಬೆಳೆದ ಅಧಿಕಾರಿಗಳು ಸೋವಿಯತ್ ಹಡಗುಗಳನ್ನು ಕಲಿಯಬೇಕಾಯಿತು. ಭಾಷೆ ಬೇರೆ, ಯಂತ್ರ ಬೇರೆ, ಚಳಿ ದೇಶಕ್ಕೆಂದು ಕಟ್ಟಿದ ಹಡಗಿನೊಳಗೆ ಬಂಗಾಳಕೊಲ್ಲಿಯ ಸೆಕೆ ಬೇರೆ. ಈ ಊರು ಇಷ್ಟು ದೊಡ್ಡ ನೌಕಾನೆಲೆಯಾದದ್ದಕ್ಕೆ ಆ ತಿರುವೂ ಒಂದು ಕಾರಣ. ಮೂರ್ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1971ರ ಡಿಸೆಂಬರ್ 4ರ ರಾತ್ರಿ, ಸ್ವಂತ ದಡ ಕಾಯಲೆಂದು ಮಾಡಿದ ಪುಟ್ಟ ಕ್ಷಿಪಣಿ ದೋಣಿಗಳನ್ನು ದೊಡ್ಡ ಹಡಗುಗಳ ನೆರವಿನಿಂದ ಕರಾಚಿಯ ಬಾಗಿಲಿಗೇ ಒಯ್ದು ಬಿಟ್ಟರು. ಮಾಡಿಕೊಟ್ಟವರೇ ಅಂಥ ಬಳಕೆಯನ್ನು ಯೋಚಿಸಿರಲಿಲ್ಲ. ಕುತ್ತಿಗೆಗೆ ಬಂದಾಗ ಮೂರು ವರ್ಷದಲ್ಲಿ ಆಗುವ ಕೆಲಸ, ಶಾಂತಿಕಾಲದಲ್ಲಿ ಮೂವತ್ತು ವರ್ಷವಾದರೂ ಆಗುವುದಿಲ್ಲ. ಯಂತ್ರ ಬದಲಾದಾಗ ಯಾರ ಅಧಿಕಾರವೂ ಕೆಳಗಿಳಿಯಲಿಲ್ಲ ಎನ್ನುವುದನ್ನೂ ಜೊತೆಗೆ ಗಮನಿಸಬೇಕು.

ಯಂತ್ರ ಬಂದಾಗ ಅಧಿಕಾರ ಕೆಳಗಿಳಿಯುವಂತಿದ್ದರೆ ಏನಾಗುತ್ತದೆ? ಅದಕ್ಕೆ ನಮ್ಮ ಮೈಸೂರಿನ ಕುದುರೆಗಳು ಸಾಕ್ಷಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಳಗಳು ಈಟಿ ಹಿಡಿದು ಕುದುರೆ ನುಗ್ಗಿಸಿದವು. ಎದುರಿಗೆ ಮಷಿನ್ ಗನ್ನು, ಫಿರಂಗಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳತ್ತ ಹೋದರೆ, ಜೋಧಪುರದವರು ಊರೊಳಗೆ ನುಗ್ಗಿದರು. ಊರು ವಶವಾಯಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು. ಅದು ಅಪ್ಪಟ ಶೌರ್ಯ, ಎರಡು ಮಾತಿಲ್ಲ. ತೊಂದರೆ ಬಂದದ್ದು ಆ ಗೆಲುವನ್ನು ತಪ್ಪಾಗಿ ಅರ್ಥ ಮಾಡಿಕೊಂಡವರಿಂದ. ಪಶ್ಚಿಮ ರಂಗದ ಕೆಸರಿನಲ್ಲಿ ನಾಲ್ಕು ವರ್ಷ ಕುದುರೆ ಹೆಚ್ಚೇನೂ ಮಾಡಲಾಗದೆ ನಿಂತಿದ್ದನ್ನು ಮರೆತು, ಪ್ಯಾಲೆಸ್ತೀನಿನ ಬಯಲಿನ ಜಯವನ್ನು ಹಿಡಿದುಕೊಂಡು, ಬ್ರಿಟನ್ನಿನ ಅಶ್ವದಳದ ಜನರಲ್‌ಗಳು ಕುದುರೆಗೆ ಇನ್ನೂ ಕಾಲವಿದೆ ಎಂದು ವಾದಿಸಿದರು. ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯನ್ನು ನಡೆಸಿದ ಹೇಗ್, 1920ರ ದಶಕದಲ್ಲೂ ವಿಮಾನ, ಟ್ಯಾಂಕುಗಳು ಮನುಷ್ಯನಿಗೂ ಕುದುರೆಗೂ ಸಹಾಯಕ ಮಾತ್ರ ಎಂಬ ಅಭಿಪ್ರಾಯದಲ್ಲಿದ್ದರು. ಅಶ್ವದಳದ ಅಧಿಕಾರಿ ಎಂದರೆ ಬ್ರಿಟಿಷ್ ಸಮಾಜದಲ್ಲಿ ಒಂದು ಅಂತಸ್ತು. ಟ್ಯಾಂಕಿನ ಎಣ್ಣೆ ಜಿಡ್ಡು ಮೆತ್ತಿಕೊಂಡ ಮೆಕ್ಯಾನಿಕ್ಕು ಆ ಅಂತಸ್ತಿಗೆ ಏರಿಬಿಡುತ್ತಾನಲ್ಲ ಎಂಬುದು ಒಳಗಿನ ಕಳವಳ.

ಮೈಸೂರು ಲ್ಯಾನ್ಸರ್ಸ್ ಮತ್ತು ಇತರ ಸಂಸ್ಥಾನಗಳ ಕುದುರೆದಳಗಳನ್ನು ಸೇರಿಸಿ 1953ರಲ್ಲಿ ಕಟ್ಟಿದ 61ನೇ ಕ್ಯಾವಲ್ರಿ ಈಗ ಜೈಪುರದಲ್ಲಿದೆ. ಅದನ್ನು ಟ್ಯಾಂಕ್ ದಳವಾಗಿಸುವ ಸುದ್ದಿ 2020ರಲ್ಲಿ ಬಂದಾಗ ನಿವೃತ್ತ ಅಧಿಕಾರಿಗಳಿಂದ ದೊಡ್ಡ ಅಳಲು ಕೇಳಿಬಂತು. ಪೋಲೋ ಆಟದ ಗತಿ ಏನು ಎಂಬುದೂ ಆ ಅಳಲಿನಲ್ಲಿ ಸೇರಿತ್ತು. ನನ್ನ ಮಟ್ಟಿಗೆ ಆ ದಳ ಕುದುರೆ ಮೇಲೇ ಇರಲಿ. ಗಣರಾಜ್ಯೋತ್ಸವದಲ್ಲಿ ನೋಡಲು ಚೆಂದ, ಅದರಿಂದ ಯಾರ ಹಕ್ಕಿಗೂ ಧಕ್ಕೆಯಿಲ್ಲ.

ಹೊರಗಿನ ವೇಷ ಬೇರೆ, ಒಳಗಿನ ಅಧಿಕಾರ ಬೇರೆ ಎಂಬ ಮಾತಿಗೆ ನನ್ನ ಬಳಿ ಇನ್ನೂ ಒಳ್ಳೆಯ ಆಧಾರ ಕೊಡಗಿನ ಕಾರ್ಯಪ್ಪನವರು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. ಅವರಷ್ಟು ಬ್ರಿಟಿಷ್ ಶಿಷ್ಟಾಚಾರಕ್ಕೆ ಅಂಟಿಕೊಂಡವರು ಕಡಿಮೆ. ಉಡುಪು, ಊಟದ ಮೇಜಿನ ನಡವಳಿಕೆ, ಸಮಯಪಾಲನೆ ಎಲ್ಲದರಲ್ಲೂ ಹಳೇ ಕಾಲದ ಸಾಹೇಬರೇ. ಆದರೆ ಜಾತಿ, ಪ್ರಾಂತಗಳ ಲೆಕ್ಕದಲ್ಲಿ ಪಡೆಗಳನ್ನು ತುಂಬುವ ಬ್ರಿಟಿಷರ ಪದ್ಧತಿಯನ್ನು ಮೀರಿ, ದೇಶದ ಎಲ್ಲ ಕಡೆಯ, ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲುವ ಗಾರ್ಡ್ಸ್ ದಳವನ್ನು ಅದೇ 1949ರಲ್ಲಿ ಕಟ್ಟಿದವರೂ ಅವರೇ. ಅದಕ್ಕೆಂದು ಪುರಾತನ ಪ್ರತಿಷ್ಠೆಯ ನಾಲ್ಕು ಬೆಟಾಲಿಯನ್‌ಗಳನ್ನು ಎಳೆದು ತಂದರು. ಮುಳ್ಳುಚಮಚ ಹಿಡಿಯುವ ರೀತಿ ಬಿಡದ ಮನುಷ್ಯ ಒಳಗಿನ ಏಣಿಗೇ ಕೈ ಹಾಕಿದರು. ಅವರ ನಂತರ ಬಂದವರಲ್ಲಿ ಅನೇಕರು ಚಮಚ ಬಿಟ್ಟರು, ಏಣಿಯನ್ನು ಮುಟ್ಟಲಿಲ್ಲ. ಜಾತಿ, ಪ್ರಾಂತದ ಹೆಸರಿನ ರೆಜಿಮೆಂಟುಗಳು ಇವತ್ತಿಗೂ ಇವೆ.

ಈಗ ನನಗೆ ಹೆಚ್ಚು ಗೊತ್ತಿರುವ ಕಡೆಗೆ, ಕಚೇರಿಗೆ ಬರುತ್ತೇನೆ. ಹೈಫಾದಲ್ಲಿ ಕುದುರೆ ಓಡಿದ 1918ರಲ್ಲೇ ಮೈಸೂರಿನ ಸೆಕ್ರೆಟೇರಿಯಟ್ಟಿನಲ್ಲಿ ಇನ್ನೊಂದು ಯುದ್ಧ ನಡೆಯುತ್ತಿತ್ತು. ಸರ್ಕಾರಿ ನೌಕರಿ ಒಂದೇ ಸಮುದಾಯದ ಪಾಲಾಗಿದೆ ಎಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಿಡಿದಿದ್ದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ನೇಮಕದ ಮಾನದಂಡ ಸಡಿಲಿಸಿದರೆ ಆಡಳಿತದ ದಕ್ಷತೆ ಕುಸಿಯುತ್ತದೆ ಎಂಬುದು ಅವರ ನಿಲುವು. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. 1921ರಲ್ಲಿ ಮೀಸಲಾತಿಯ ಆದೇಶ ಬಂತು. ಅಣೆಕಟ್ಟು, ಕಾರ್ಖಾನೆ, ವಿಶ್ವವಿದ್ಯಾಲಯ, ಬ್ಯಾಂಕು, ಏನೆಲ್ಲ ಹೊಸದನ್ನು ಮೈಸೂರಿಗೆ ತಂದವರು ಅವರು. ಯಂತ್ರದ ವಿಚಾರದಲ್ಲಿ ಅವರಷ್ಟು ಮುಂದೆ ನೋಡಿದವರು ಆಗ ದೇಶದಲ್ಲೇ ವಿರಳ. ಕುರ್ಚಿಯಲ್ಲಿ ಯಾರು ಕೂರಬೇಕು ಎನ್ನುವಾಗ ಮಾತ್ರ ಆ ಮುನ್ನೋಟ ನಿಂತುಬಿಟ್ಟಿತು. ಅವರನ್ನು ಸಣ್ಣವರನ್ನಾಗಿಸಲು ಇದನ್ನು ಹೇಳುತ್ತಿಲ್ಲ. ಅಂಥವರಿಗೇ ಹಾಗಾದರೆ ಉಳಿದವರ ಪಾಡೇನು ಎಂದು ಯೋಚಿಸುತ್ತೇನೆ. ಅಲ್ಲದೆ, ದಕ್ಷತೆ ಕೆಡುತ್ತದೆ ಎಂಬ 1918ರ ವಾದವನ್ನೂ ಜವಾನರು ಒಪ್ಪುವುದಿಲ್ಲ ಎಂಬ 2020ರ ವಾದವನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಬರೆದ ಕೈ ಒಂದೇ ಇರಬಹುದೇ ಎಂಬ ಅನುಮಾನ ಬರುತ್ತದೆ.

ಬೀಗದ ಕೈಯ ಮಾತು ಆಡಿದೆನಲ್ಲ, ಅದು ಶಾನುಭೋಗರಿಂದ ಬಂದದ್ದು. ನಿಮ್ಮ ಕಡೆಯ ಕರಣಂ. ಊರಿನ ಜಮೀನಿನ ಲೆಕ್ಕವೆಲ್ಲ ಅವರ ಮನೆಯ ಪೆಟ್ಟಿಗೆಯಲ್ಲಿ, ವಂಶಪಾರಂಪರ್ಯವಾಗಿ. ಬರಹ ಅವರಿಗೆ ಮಾತ್ರ ಓದಲು ಬರುವಂಥದ್ದು. ಮೈಸೂರು ರಾಜ್ಯ 1961ರಲ್ಲಿ ಕಾನೂನು ಮಾಡಿ 1963ರಿಂದ ಈ ವಂಶದ ಹುದ್ದೆಗಳನ್ನು ತೆಗೆದು ಸಂಬಳದ ಗ್ರಾಮ ಲೆಕ್ಕಿಗರನ್ನು ತಂದಿತು. ತಮಿಳುನಾಡಿನಲ್ಲಿ ಅದು 1980ಕ್ಕೆ ಆಯಿತು. ಇಲ್ಲಿ 1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸುಗ್ರೀವಾಜ್ಞೆಯ ಒಂದೇ ಏಟಿಗೆ ಕರಣಂ ಪದ್ಧತಿ ಮುಗಿಸಿದ್ದು ಸಭೆಯ ಹಿರಿಯರಿಗೆ ನೆನಪಿರುತ್ತದೆ. ಆ ಸುಗ್ರೀವಾಜ್ಞೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 1985ರಲ್ಲಿ ಊರ್ಜಿತವಾಯಿತು.

ಮನೆತನ ಹೋಯಿತು, ಪೆಟ್ಟಿಗೆ ಉಳಿಯಿತು. ಕರ್ನಾಟಕದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಇದ್ದವು. ಸಾಲಕ್ಕೆ, ಕೋರ್ಟಿಗೆ, ಮದುವೆಗೆ ಗದ್ದೆ ಅಡವಿಡುವುದಕ್ಕೆ, ಎಲ್ಲಕ್ಕೂ ಪಹಣಿ ಬೇಕು. ಲೆಕ್ಕಿಗರು ಊರಲ್ಲಿಲ್ಲ ಎಂದರೆ ಆ ದಿನ ಪಹಣಿಯೂ ಇಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. 177 ತಾಲ್ಲೂಕು ಕಚೇರಿಗಳಲ್ಲಿ ಕಿಟಕಿ ತೆರೆದು, 15 ರೂಪಾಯಿಗೆ ಮುದ್ರಿತ ಪ್ರತಿ ಕೊಟ್ಟರು. ಕಂಪ್ಯೂಟರಿಗೆ ಎರಡು ಪರದೆ, ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ಏನು ಟೈಪಾಗುತ್ತಿದೆ ಎಂದು ರೈತ ನೋಡುತ್ತ ನಿಲ್ಲಬಹುದು. ಆ ಎರಡನೆಯ ಪರದೆಯ ಯೋಚನೆ ಯಾರದೋ ಅವರಿಗೆ ಕಚೇರಿ ಚೆನ್ನಾಗಿ ಗೊತ್ತಿತ್ತು. ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ, ಕಂಪ್ಯೂಟರ್ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂಬ ಆದೇಶ. ಎರಡೂ ಇರಲಿ, ಜನ ಇಷ್ಟವಾದದ್ದನ್ನು ಆರಿಸಿಕೊಳ್ಳಲಿ ಎಂದು ಬಿಟ್ಟಿದ್ದರೆ ಕಂಪ್ಯೂಟರ್ ಬಟ್ಟೆ ಹೊದ್ದು ಮೂಲೆ ಸೇರುತ್ತಿತ್ತು. ಗ್ರಾಮ ಲೆಕ್ಕಿಗರ ಅಸಮಾಧಾನ ಸಹಜವಾಗಿತ್ತು, ಕಾರಣವೂ ಸ್ಪಷ್ಟವಿತ್ತು.

ಇಲ್ಲಿಗೆ ಕತೆ ಮುಗಿಸಿದ್ದರೆ ಅದು ಸರ್ಕಾರಿ ಕೈಪಿಡಿಯಾಗುತ್ತಿತ್ತು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರಿನ ಸುತ್ತ ಅಧ್ಯಯನ ಮಾಡಿ, ಊರಿನಿಂದ ಹೊರಟ ಅಧಿಕಾರ ತಾಲ್ಲೂಕಿಗೂ ಅದಕ್ಕೂ ಮೇಲಕ್ಕೂ ಏರಿತು, ಜಮೀನು ಹುಡುಕುವ ದೊಡ್ಡ ಕುಳಗಳಿಗೆ ದಾರಿ ಸಲೀಸಾಯಿತು ಎಂದು ವಾದಿಸಿದರು. ಹಳೆಯವನ ಕೈಯಿಂದ ಕಿತ್ತ ಬೀಗದ ಕೈ ನೆಲಕ್ಕೆ ಬೀಳುವುದಿಲ್ಲ, ಇನ್ಯಾರದೋ ಜೇಬಿಗೆ ಹೋಗುತ್ತದೆ. ಪಕ್ಕದ ತೆಲಂಗಾಣ 2020ರಲ್ಲಿ ಗ್ರಾಮ ಕಂದಾಯಾಧಿಕಾರಿಗಳ ಹುದ್ದೆಯನ್ನೇ ರದ್ದು ಮಾಡಿ, ಐದು ವರ್ಷ ಕಳೆಯುವುದರೊಳಗೆ ಬೇರೆ ಹೆಸರಿನಲ್ಲಿ ಮತ್ತೆ ನೇಮಿಸಿಕೊಂಡಿತು. ಯಾವ ಹಳ್ಳದ ಪಕ್ಕದ ಗದ್ದೆ ಯಾರದೆಂದು ಊರಲ್ಲಿ ನಡೆದು ನೋಡಿದವನು ಒಬ್ಬ ಬೇಕೇ ಬೇಕು.

ಅದೇ ಗ್ರಾಮ ಲೆಕ್ಕಿಗರು ಕರ್ನಾಟಕದಲ್ಲಿ ಈಗ ಗ್ರಾಮ ಆಡಳಿತ ಅಧಿಕಾರಿಗಳು. ಹೆಸರು ಬದಲಾಯಿಸುವುದು ಸುಲಭ ಎಂದು ಆಗಲೇ ಹೇಳಿದೆ. 2024ರ ಸೆಪ್ಟೆಂಬರಿನಲ್ಲೂ ಮತ್ತೆ 2025ರಲ್ಲೂ ಅವರು ಮುಷ್ಕರ ಹೂಡಿದರು. ಬೆಳೆ ಸಮೀಕ್ಷೆಗೊಂದು, ಪಹಣಿಗೆ ಆಧಾರ್ ಜೋಡಿಸಲು ಒಂದು, ಹೀಗೆ ಹತ್ತಾರು ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡಿ ಎನ್ನುತ್ತಾರೆ, ಅದಕ್ಕೆ ಬೇಕಾದ ಫೋನು, ಲ್ಯಾಪ್‌ಟಾಪು, ಕೂರಲು ಸರಿಯಾದ ಕಚೇರಿ ಕೊಡುವುದಿಲ್ಲ ಎಂಬುದು ಅವರ ದೂರು. ಕೆಲವರಿಗೆ ಇದೂ ತಂತ್ರಜ್ಞಾನ ವಿರೋಧದಂತೆಯೇ ಕಂಡಿತು. 2000ದಲ್ಲಿ ಅವರು ಬಿಡಲೊಲ್ಲದೆ ಇದ್ದದ್ದು ಪೆಟ್ಟಿಗೆಯನ್ನು, 2024ರಲ್ಲಿ ಹೊರಲೊಲ್ಲದೆ ಇದ್ದದ್ದು ಹೊರೆಯನ್ನು. ಒಂದೇ ಇಲಾಖೆ, ಒಂದೇ ಹುದ್ದೆ, ಎರಡು ಬೇರೆ ಬೇರೆ ಪ್ರತಿಭಟನೆ. ಆದೇಶ ಹೊರಡಿಸುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಯಾಕೆಂದರೆ ಅವರ ಮೇಜಿಗೆ ಬರುವುದು ‘ಸಿಬ್ಬಂದಿಯ ವಿರೋಧ’ ಎಂಬ ಒಂದೇ ಸಾಲು.

ಬ್ಯಾಂಕಿನವರು ಇಲ್ಲಿ ತುಂಬ ಜನ ಇದ್ದೀರಿ, ನಿಮ್ಮ ಕತೆಯನ್ನು ನಿಮಗೇ ಹೇಳುವುದು ಅಧಿಕಪ್ರಸಂಗ. 1983ರ ಒಪ್ಪಂದದ ನಂತರ ಬಂದ ಯಂತ್ರವನ್ನು ಕಂಪ್ಯೂಟರ್ ಎನ್ನದೆ ಲೆಡ್ಜರ್ ಪೋಸ್ಟಿಂಗ್ ಮಷಿನ್ ಎಂದು ಕರೆದು, ಅದರ ಮುಂದೆ ಕೂರುವವರಿಗೆ ವಿಶೇಷ ಭತ್ಯೆ ಕೊಟ್ಟು, ಜಗಳವನ್ನು ಸಾಗಹಾಕಿದ ಜಾಣತನಕ್ಕೆ ನನ್ನ ನಮಸ್ಕಾರ. ಕೆಲಸಕ್ಕೆ ಕುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಲೆಡ್ಜರಿನ ಮೇಲಿನ ಪ್ರೀತಿ ಬೇಗ ಕರಗಿತು.

ಆರ್ಡರ್ಲಿ ಪದ್ಧತಿ ಹಾಗೆ ಕರಗುವುದಿಲ್ಲ. ಸಾಹೇಬರ ಬೂಟಿಗೆ ಪಾಲಿಶ್ ಹಾಕಲು, ಮೇಮ್‌ಸಾಹೇಬರ ತರಕಾರಿ ತರಲು ಸಿಪಾಯಿಯನ್ನು ಬಳಸಬೇಡಿ, ಸೇನೆಯ ಸಹಾಯಕ್ ಪದ್ಧತಿ ನಿಲ್ಲಿಸಿ ಎಂದು ಸಂಸತ್ತಿನ ಸ್ಥಾಯಿ ಸಮಿತಿ 2008ರಲ್ಲೇ ಹೇಳಿತು. ನೌಕಾಪಡೆ, ವಾಯುಪಡೆಗಳು ಅದಿಲ್ಲದೆ ನಡೆಯುತ್ತಿವೆಯಲ್ಲ ಎಂದೂ ನೆನಪಿಸಿತು. ಆ ಮಾತು ಹಾಗೇ ಉಳಿದಿದೆ. ಕರ್ನಾಟಕದಲ್ಲಿ 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆ ಹಾಕುವುದಾಗಿ ಘೋಷಿಸಿ ರಾಜ್ಯವನ್ನೇ ಬೆಚ್ಚಿಬೀಳಿಸಿದಾಗ ಅವರ ದೂರಿನ ಪಟ್ಟಿಯಲ್ಲಿ ಆರ್ಡರ್ಲಿಯೂ ಇತ್ತು. ಆಮೇಲೆ ಪದ್ಧತಿ ರದ್ದಾಯಿತೆಂದು ಸರ್ಕಾರ ಘೋಷಿಸಿತು. ಅಧಿಕಾರಿಗಳ ಬಂಗಲೆಯ ಗೇಟಿನ ಹತ್ತಿರ ಓಡಾಡಿ ಬಲ್ಲವರು ಆ ಘೋಷಣೆಯ ಬಗ್ಗೆ ನಗುತ್ತಾರೆ.

ಹಳೆಯದನ್ನೆಲ್ಲ ಬಿಡಿ ಎಂದು ಇವನು ಹೇಳುತ್ತಿದ್ದಾನೆ ಎಂದು ಯಾರೂ ತಿಳಿಯಬಾರದು. ಹಡಗಿನಲ್ಲಿ, ಕುಲುಮೆಯ ಮುಂದೆ ಕೆಲಸ ಮಾಡುವವರು ಬಿಡಬಾರದ ರೂಢಿಗಳಿವೆ. ಪಾಳಿ ಬದಲಾಗುವಾಗ ಬಾಯಲ್ಲಿ ಹೇಳಿ, ಪುಸ್ತಕದಲ್ಲಿ ಬರೆದು ಕೊಡುವುದು, ಯಾರೂ ನೋಡದಿದ್ದರೂ ಕವಾಟವನ್ನು ಎರಡು ಸಲ ಪರೀಕ್ಷಿಸುವುದು, ಇಂಥವು. ಹಿಂದೆ ಯಾರೋ ಸತ್ತದ್ದರಿಂದ ಬಂದ ನಿಯಮಗಳು ಇವು. 2013ರ ಆಗಸ್ಟ್ 14ರಂದು ಮುಂಬೈನ ನೌಕಾಕಟ್ಟೆಯಲ್ಲಿ ಸಿಂಧುರಕ್ಷಕ್ ಸಬ್‌ಮರೀನ್ ಸ್ಫೋಟಗೊಂಡು 18 ಜನ ತೀರಿಕೊಂಡರು. ನಿಗದಿಯಾದ ಕಾರ್ಯವಿಧಾನ ಪಾಲಿಸದೆ ಇದ್ದದ್ದು ತನಿಖೆಯಲ್ಲಿ ಕಂಡಿತು. ಆರು ತಿಂಗಳಲ್ಲಿ ಸಿಂಧುರತ್ನ ಸಬ್‌ಮರೀನಿನಲ್ಲಿ ಇನ್ನಿಬ್ಬರು ಅಧಿಕಾರಿಗಳು ಜೀವ ತೆತ್ತಾಗ ನೌಕಾಪಡೆಯ ಮುಖ್ಯಸ್ಥ ಡಿ.ಕೆ. ಜೋಶಿ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಹೊಣೆ ಹೊತ್ತು ಕುರ್ಚಿ ಬಿಡುವುದೂ ಒಂದು ಹಳೆಯ ಸಂಪ್ರದಾಯವೇ. ಅದನ್ನು ವಸಾಹತುಶಾಹಿಯ ಪಳೆಯುಳಿಕೆ ಎಂದು ಯಾರೂ ತೆಗೆಯಬೇಕಿಲ್ಲ, ಅದು ತಾನಾಗೇ ಅಪರೂಪವಾಗಿದೆ.

ನಿಮ್ಮ ಉಕ್ಕಿನ ಕಾರ್ಖಾನೆಯ ವಿಷಯವೂ ಇದೆ. ‘ವಿಶಾಖ ಉಕ್ಕು, ಆಂಧ್ರರ ಹಕ್ಕು’ ಎಂಬ 1966ರ ಕೂಗಿನಿಂದ ಹುಟ್ಟಿದ್ದು. 2021ರ ಜನವರಿಯಲ್ಲಿ ಕೇಂದ್ರ ಅದನ್ನು ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಾಗ ಕಾರ್ಮಿಕರು ಬೀದಿಗಿಳಿದರು. ಕಾಲಕ್ಕೆ ಹೊಂದಿಕೊಳ್ಳದವರು ಎಂಬ ಮಾತು ಅವರ ಕಿವಿಗೂ ಬಿತ್ತು. ಸ್ವಂತ ಕಬ್ಬಿಣದ ಅದಿರಿನ ಗಣಿ ಇಲ್ಲದೆ ಪೇಟೆಯ ದರಕ್ಕೆ ಕೊಳ್ಳುವ ಕಾರ್ಖಾನೆ ಹೇಗೆ ಲಾಭ ಮಾಡೀತು ಎಂಬ ಪ್ರಶ್ನೆಯನ್ನು ಅವರು ಮೊದಲಿನಿಂದಲೂ ಕೇಳುತ್ತಿದ್ದರು. ಇದು ಹಳಮೆಯ ಮೋಹವಲ್ಲ, ಕುಲುಮೆಯ ಹತ್ತಿರ ನಿಂತವನ ಲೆಕ್ಕ. 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆ ಮಂಜೂರಾಯಿತು. ಅದರಿಂದ ಏನಾಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ನೀವು ಹೇಳಬಲ್ಲಿರಿ.

ನೌಕಾಪಡೆಗೆ ಮರಳಿ ನಿಲ್ಲಿಸುತ್ತೇನೆ. 2023ರ ಡಿಸೆಂಬರಿನಲ್ಲಿ ಪ್ರೇರಣಾ ದೇವಸ್ಥಳಿ ಯುದ್ಧನೌಕೆಯೊಂದರ ಕಮಾಂಡಿಂಗ್ ಆಫೀಸರಾಗುವ ಮೊದಲ ಮಹಿಳೆ ಎಂದು ಪ್ರಕಟವಾಯಿತು. ಅದಕ್ಕಿಂತ ನನ್ನ ಗಮನ ಸೆಳೆದದ್ದು ಅದೇ ವರ್ಷದ ಮಾರ್ಚಿನಲ್ಲಿ ಪಕ್ಕದ ಒಡಿಶಾದ ಚಿಲಿಕಾ ತರಬೇತಿ ಕೇಂದ್ರದಿಂದ ಹೊರಬಂದ, ನಾಲ್ಕು ವರ್ಷದ ಅವಧಿಗೆ ಸೇರುವ ಅಗ್ನಿವೀರರ ಮೊದಲ ತಂಡ. ಅದರಲ್ಲಿ 270ಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. ಅಧಿಕಾರಿಗಳಾಗಿ ಅಲ್ಲ, ನಾವಿಕರಾಗಿ ನೌಕಾಪಡೆ ಹೆಂಗಸರನ್ನು ತೆಗೆದುಕೊಂಡದ್ದು ಅದೇ ಮೊದಲು. 2022ರ ಕೊನೆಗೆ ಸೇರಿದವರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಗೆ. ನೂರಕ್ಕೆ ಹೆಚ್ಚೆಂದರೆ 25 ಜನ ಸೇವೆಯಲ್ಲಿ ಉಳಿಯಬಹುದು ಎಂಬುದು ಯೋಜನೆಯ ನಿಯಮ. ಆ ಆಯ್ಕೆಯ ಹೊತ್ತಿನಲ್ಲಿ ಹಡಗಿನ ಅನುಭವ ಎಷ್ಟು ಎಂದು ಕೇಳಬಹುದು. ಅವರನ್ನು ಎಷ್ಟು ದಿನ ಹಡಗಿಗೆ ಕಳಿಸಿದ್ದರು, ಎಷ್ಟು ದಿನ ದಡದ ಕಚೇರಿಯಲ್ಲಿ ಕೂರಿಸಿದ್ದರು ಎಂಬುದಕ್ಕೆ ಈ ಊರಿನ ಹಡಗುಗಳ ಪುಸ್ತಕಗಳಲ್ಲೂ ಲೆಕ್ಕವಿರುತ್ತದೆ. ಅಲ್ಲಿ ಕೆಲಸ ಮಾಡುವವರು ಈ ಸಭೆಯಲ್ಲಿದ್ದೀರಿ. ನಿಮಗೆ ಆ ಲೆಕ್ಕ ಗೊತ್ತಿರುತ್ತದೆ.